ಕಿಡ್ನಿ ರಿಪೋರ್ಟ್ ಓದುವುದು ಹೇಗೆ? ಕ್ರಿಯಾಟಿನಿನ್‌ನಿಂದ ಕಾಯಿಲೆಯ ಹೆಸರಿನವರೆಗೆ

"ಕ್ರಿಯಾಟಿನಿನ್ 1.6 ಬಂದಿದೆ. ಡಯಾಲಿಸಿಸ್ ಮಾಡಿಸಬೇಕಾ?" ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರು ಬೇರೆ, ಸಂಖ್ಯೆ ಬೇರೆ, ಗಾಬರಿ ಮಾತ್ರ ಒಂದೇ. ವಯಸ್ಸೆಷ್ಟು, ಹೋದ ವರ್ಷ ಎಷ್ಟಿತ್ತು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಎಂದು ತಿರುಗಿ ಕೇಳಿದರೆ ಬಹಳ ಜನರ ಬಳಿ ಉತ್ತರ ಇರುವುದಿಲ್ಲ. ಆ ಉತ್ತರಗಳಿಲ್ಲದೆ ಬರೀ 1.6 ನೋಡಿ ಏನೂ ಹೇಳಲಾಗದು.

ಕಿಡ್ನಿ ಕಾಯಿಲೆ ಇದೆ ಎಂದು ಡಾಕ್ಟರ್ ಹೇಳಿದಾಗ ನಿಮಗೆ ನಾಲ್ಕು ವಿಷಯ ಗೊತ್ತಾಗಬೇಕು. ಕಾರಣ ಏನು, ಕಿಡ್ನಿ ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತಿದೆ, ಮೂತ್ರದಲ್ಲಿ ಪ್ರೋಟೀನ್ ಎಷ್ಟು ಸೋರುತ್ತಿದೆ, ಇದು ಎಷ್ಟು ದಿನದಿಂದ ಇದೆ. ಈ ನಾಲ್ಕೂ ಸಿಗುವವರೆಗೆ ನಿಮ್ಮ ರೋಗನಿರ್ಣಯ ಅರ್ಧ ಮಾತ್ರ ಆಗಿದೆ ಎಂದುಕೊಳ್ಳಿ. ಅವನ್ನು ಒಂದೊಂದಾಗಿ ಹುಡುಕುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ಔಷಧಿ ಬದಲಾಯಿಸುವ, ನಿಲ್ಲಿಸುವ ತೀರ್ಮಾನ ಮಾತ್ರ ನಿಮ್ಮ ಡಾಕ್ಟರದ್ದೇ.

ಮೊದಲು ಏನೇನು ಜೋಡಿಸಿಕೊಳ್ಳಬೇಕು

ರಕ್ತ, ಮೂತ್ರದ ಎಲ್ಲ ರಿಪೋರ್ಟ್‌ಗಳು, ಎಷ್ಟೇ ಹಳೆಯದಿದ್ದರೂ ಸರಿ. ಬೇರೆ ಯಾವುದೋ ಆಪರೇಷನ್‌ಗೆ, ಕೆಲಸಕ್ಕೆ ಸೇರುವಾಗ, ಹೆರಿಗೆ ಸಮಯದಲ್ಲಿ ಮಾಡಿಸಿದ ಟೆಸ್ಟ್ ಆದರೂ ಆಗುತ್ತದೆ. ಸ್ಕ್ಯಾನ್ ರಿಪೋರ್ಟ್. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿ. ಆ ಪಟ್ಟಿಯಲ್ಲಿ ಡಾಕ್ಟರ್ ಬರೆದುಕೊಟ್ಟವು ಮಾತ್ರ ಸಾಲದು. ತಲೆನೋವು, ಮಂಡಿನೋವಿಗೆ ನೀವೇ ತಂದು ನುಂಗುವ ಮಾತ್ರೆ, ಪುಡಿ, ಕಷಾಯ, ಜಿಮ್‌ನವರು ಹೇಳಿದ ಪ್ರೋಟೀನ್ ಪುಡಿ ಎಲ್ಲವೂ ಇರಲಿ. ಮನೆಯಲ್ಲಿ ಬಿಪಿ ನೋಡುವ ಮಷಿನ್ ಇದ್ದರೆ ಒಂದು ವಾರದ ಲೆಕ್ಕವನ್ನೂ ಬರೆದಿಟ್ಟುಕೊಳ್ಳಿ.

ಹೆಜ್ಜೆ 1: ಕ್ರಿಯಾಟಿನಿನ್ ಬಿಡಿ, ಇ-ಜಿಎಫ್‌ಆರ್ ನೋಡಿ

ಕ್ರಿಯಾಟಿನಿನ್ ಎಂದರೆ ನಮ್ಮ ಸ್ನಾಯುಗಳಲ್ಲಿ ದಿನವೂ ಹುಟ್ಟುವ ಕಸ. ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಕಿಡ್ನಿ ನಿಧಾನವಾದರೆ ಅದು ರಕ್ತದಲ್ಲಿ ಉಳಿದು ಏರುತ್ತದೆ. ತೊಂದರೆ ಏನೆಂದರೆ, ಸ್ನಾಯು ಜಾಸ್ತಿ ಇರುವವರಲ್ಲಿ ಅದು ಹುಟ್ಟುವುದೇ ಜಾಸ್ತಿ, ಸಣಕಲು ಮೈಯವರಲ್ಲಿ ಕಡಿಮೆ. ಹಾಗಾಗಿ ಒಂದೇ ಸಂಖ್ಯೆ ಇಬ್ಬರಲ್ಲಿ ಬೇರೆ ಬೇರೆ ಕಥೆ ಹೇಳುತ್ತದೆ.

ಇದನ್ನು ಸರಿದೂಗಿಸಲು ಇ-ಜಿಎಫ್‌ಆರ್ ಎಂಬ ಲೆಕ್ಕ ಇದೆ. ಕಿಡ್ನಿಯ ಸೋಸುವ ಭಾಗಗಳು ಒಂದು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿವೆ ಎಂಬ ಅಂದಾಜು ಅದು. ಕ್ರಿಯಾಟಿನಿನ್, ವಯಸ್ಸು, ಗಂಡೋ ಹೆಣ್ಣೋ ಎಂಬ ಮೂರನ್ನು ಸೂತ್ರಕ್ಕೆ ಹಾಕಿ ಇದನ್ನು ತೆಗೆಯುತ್ತಾರೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು 2021ರ ಸಿಕೆಡಿ-ಇಪಿಐ ಸೂತ್ರ.

ಒಂದು ಲೆಕ್ಕ ಮಾಡಿಯೇ ನೋಡೋಣ. ಇಬ್ಬರ ಕ್ರಿಯಾಟಿನಿನ್ನೂ 1.2 ಇದೆ ಎಂದುಕೊಳ್ಳಿ. 25 ವರ್ಷದ ಹುಡುಗನಿಗೆ ಈ ಸೂತ್ರದಲ್ಲಿ ಇ-ಜಿಎಫ್‌ಆರ್ ಸುಮಾರು 86 ಬರುತ್ತದೆ. 65 ವರ್ಷದ ಹೆಂಗಸಿಗೆ ಸುಮಾರು 50. ಕೆಲವು ಲ್ಯಾಬ್‌ಗಳ ರಿಪೋರ್ಟ್‌ನಲ್ಲಿ 1.2ರ ಪಕ್ಕ "ನಾರ್ಮಲ್" ಎಂದೇ ಇರುತ್ತದೆ. ಹುಡುಗನಿಗೆ ಅದು ಸರಿ. ಆ ಹೆಂಗಸಿನ ಕಿಡ್ನಿ ಕೆಲಸ ಆಗಲೇ ಸಾಕಷ್ಟು ಕಡಿಮೆಯಾಗಿದೆ, ರಿಪೋರ್ಟ್ ಮಾತ್ರ ಸುಮ್ನೆ ಕೂತಿದೆ.

ನಿಮ್ಮ ರಿಪೋರ್ಟ್‌ನಲ್ಲಿ ಇ-ಜಿಎಫ್‌ಆರ್ ಹಾಕಿಲ್ಲದಿದ್ದರೆ ಡಾಕ್ಟರನ್ನು ಕೇಳಿ. ಲೆಕ್ಕ ಹಾಕಲು ಅವರಿಗೆ ಅರ್ಧ ನಿಮಿಷ ಸಾಕು.

ಇಲ್ಲಿ ಎಡವುವ ಜಾಗಗಳು:

- ಯೂರಿಯಾ (ಕ್ರಿಯಾಟಿನಿನ್‌ನಂತೆ ರಕ್ತದಲ್ಲಿ ಅಳೆಯುವ ಇನ್ನೊಂದು ಕಸ) ಮತ್ತು ಬಿಯುಎನ್ ಒಂದೇ ಎಂದುಕೊಳ್ಳುವುದು. ಬಿಯುಎನ್ ಎಂದರೆ ಯೂರಿಯಾದೊಳಗಿನ ನೈಟ್ರೋಜನ್ ಭಾಗ ಮಾತ್ರ. ಬಿಯುಎನ್ ಅನ್ನು 2.14ರಿಂದ ಗುಣಿಸಿದರೆ ಯೂರಿಯಾ ಸಿಗುತ್ತದೆ. ಒಂದು ಲ್ಯಾಬ್‌ನಲ್ಲಿ ಬಿಯುಎನ್ 20, ಇನ್ನೊಂದು ಲ್ಯಾಬ್‌ನಲ್ಲಿ ಯೂರಿಯಾ 43 ಬಂದರೆ ಏನೂ ಏರಿಲ್ಲ, ಎರಡೂ ಒಂದೇ. "ಒಂದೇ ವಾರದಲ್ಲಿ ಡಬಲ್ ಆಯ್ತು" ಎಂದು ನಿದ್ದೆಗೆಟ್ಟವರು ಎಷ್ಟೋ ಜನ.
- ಅಳತೆಯ ಮಾನ ನೋಡದೆ ಇರುವುದು. ಕೆಲವು ದೇಶಗಳ ರಿಪೋರ್ಟ್‌ನಲ್ಲಿ ಕ್ರಿಯಾಟಿನಿನ್ 88 ಎಂದಿರುತ್ತದೆ. ಅದು ಮೈಕ್ರೋಮೋಲ್ ಲೆಕ್ಕ. 88.4ರಿಂದ ಭಾಗಿಸಿದರೆ ನಮಗೆ ಪರಿಚಿತವಾದ ಮಿಲಿಗ್ರಾಂ ಲೆಕ್ಕ, ಅಂದರೆ ಸುಮಾರು 1 ಬರುತ್ತದೆ.
- ಟೆಸ್ಟ್‌ಗೆ ಮುಂಚೆ ಮಾಂಸದೂಟ ಜೋರಾಗಿ ಮಾಡಿರುವುದು, ಜಿಮ್‌ಗೆ ಹೋಗುವವರು ಬಳಸುವ ಕ್ರಿಯಾಟಿನ್ ಪುಡಿ ತೆಗೆದುಕೊಂಡಿರುವುದು. ಟ್ರೈಮೆಥೋಪ್ರಿಮ್ ಇರುವ ಆಂಟಿಬಯಾಟಿಕ್ ಕೂಡ ಕಿಡ್ನಿಗೆ ಏನೂ ಆಗದಿದ್ದರೂ ಕ್ರಿಯಾಟಿನಿನ್ ಸ್ವಲ್ಪ ಏರಿಸುತ್ತದೆ.
- ಇ-ಜಿಎಫ್‌ಆರ್ ಅನ್ನು ಎಲ್ಲರಿಗೂ ಹೊಂದಿಸುವುದು. ಗರ್ಭಿಣಿಯರಲ್ಲಿ, ಕಾಲು ಕಳೆದುಕೊಂಡವರಲ್ಲಿ, ದೇಹದಾರ್ಢ್ಯ ಪಟುಗಳಲ್ಲಿ, ಕಿಡ್ನಿಗೆ ದಿಢೀರನೆ ಪೆಟ್ಟು ಬಿದ್ದು ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಬದಲಾಗುತ್ತಿರುವಾಗ ಈ ಅಂದಾಜು ನಂಬುವಂತಿಲ್ಲ. ಸ್ನಾಯುವಿನಿಂದಾಗಿ ಅನುಮಾನ ಬಂದರೆ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ರಕ್ತಪರೀಕ್ಷೆ ಮಾಡಿಸಬಹುದು. ಅದು ಸ್ನಾಯುವಿನ ಮೇಲೆ ಅಷ್ಟಾಗಿ ನಿಂತಿಲ್ಲ.

ಹೆಜ್ಜೆ 2: ಮೂತ್ರದ ಟೆಸ್ಟ್ ಮಾಡಿಸಿ. ಬಿಟ್ಟುಹೋಗುವುದು ಇದೇ

ರಕ್ತ ಕೊಟ್ಟು ಬರುವವರಲ್ಲಿ ಎಷ್ಟೋ ಮಂದಿ ಮೂತ್ರ ಕೊಡದೆ ಬರುತ್ತಾರೆ. ನನ್ನ ಪ್ರಕಾರ ಕಿಡ್ನಿ ವಿಷಯದಲ್ಲಿ ಇದಕ್ಕಿಂತ ದೊಡ್ಡ ಕೊರತೆ ಇಲ್ಲ. ಕ್ರಿಯಾಟಿನಿನ್ ಏರುವ ಎಷ್ಟೋ ವರ್ಷ ಮೊದಲೇ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡಿರಬಹುದು, ಅದರಲ್ಲೂ ಶುಗರ್ ಇರುವವರಲ್ಲಿ.

ಒಳ್ಳೆಯ ಕಿಡ್ನಿ ಸಣ್ಣ ಕಣ್ಣಿನ ಜರಡಿಯಂತೆ ಪ್ರೋಟೀನನ್ನು ರಕ್ತದಲ್ಲೇ ಉಳಿಸಿಕೊಳ್ಳುತ್ತದೆ. ಜರಡಿ ಹಾಳಾದರೆ ಅಲ್ಬುಮಿನ್ ಎಂಬ ಪ್ರೋಟೀನ್ ಮೂತ್ರಕ್ಕೆ ಸೋರುತ್ತದೆ. ಅದನ್ನು ಅಳೆಯುವ ಟೆಸ್ಟ್ ಹೆಸರು ಯುಎಸಿಆರ್, ಅಂದರೆ ಮೂತ್ರದಲ್ಲಿನ ಅಲ್ಬುಮಿನ್ ಮತ್ತು ಕ್ರಿಯಾಟಿನಿನ್‌ಗಳ ಅನುಪಾತ. ದಿನವಿಡೀ ಮೂತ್ರ ಹಿಡಿದಿಡುವ ಕಷ್ಟ ಇಲ್ಲ, ಒಂದು ಸಲದ ಸ್ಯಾಂಪಲ್ ಸಾಕು. ಬೆಳಿಗ್ಗೆ ಎದ್ದ ಮೇಲಿನ ಮೊದಲ ಮೂತ್ರ ಆದರೆ ಇನ್ನೂ ಒಳ್ಳೆಯದು.

ಫಲಿತಾಂಶ ಹೀಗೆ ಓದಿ. 30ಕ್ಕಿಂತ ಕಡಿಮೆ ಇದ್ದರೆ ಎ1, ಸರಿಯಾಗಿದೆ ಅಥವಾ ತುಸು ಹೆಚ್ಚಿದೆ ಎಂದರ್ಥ. 30ರಿಂದ 300ರವರೆಗೆ ಎ2, ಸೋರಿಕೆ ಶುರುವಾಗಿದೆ. 300 ದಾಟಿದರೆ ಎ3, ಸೋರಿಕೆ ಜೋರಾಗಿದೆ. (ಇದು ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಎಷ್ಟು ಮಿಲಿಗ್ರಾಂ ಅಲ್ಬುಮಿನ್ ಎಂಬ ಲೆಕ್ಕ.)

ಸಾಮಾನ್ಯ ಯೂರಿನ್ ಟೆಸ್ಟ್‌ನಲ್ಲಿ ಪ್ರೋಟೀನ್ ಮುಂದೆ "1+", "2+" ಎಂದು ಬರೆದಿರುತ್ತಾರಲ್ಲ, ಅದು ಮೂತ್ರದಲ್ಲಿ ಅದ್ದಿದ ಸಣ್ಣ ಪಟ್ಟಿಯ ಬಣ್ಣ ನೋಡಿ ಹೇಳಿದ ಒರಟು ಅಂದಾಜು. ನೀರು ಜಾಸ್ತಿ ಕುಡಿದು ಮೂತ್ರ ತೆಳುವಾಗಿದ್ದರೆ ಇರುವ ಪ್ರೋಟೀನ್ ಕಾಣದೆ ಹೋಗಬಹುದು. ಮೂತ್ರ ಗಟ್ಟಿಯಾಗಿದ್ದರೆ ಇರುವುದಕ್ಕಿಂತ ಹೆಚ್ಚು ತೋರಬಹುದು. ಪಟ್ಟಿಯಲ್ಲಿ ಪ್ಲಸ್ ಬಂದರೆ ಯುಎಸಿಆರ್ ಮಾಡಿಸಿ ಖಚಿತ ಮಾಡಿಕೊಳ್ಳಿ. ಶುಗರ್ ಅಥವಾ ಬಿಪಿ ಇರುವವರು ಪ್ಲಸ್ ಬರದಿದ್ದರೂ ಯುಎಸಿಆರ್ ಮಾಡಿಸುವುದೇ ವಾಸಿ.

ಜ್ವರ ಇದ್ದಾಗ, ಉರಿಮೂತ್ರ ಇದ್ದಾಗ, ಮುಟ್ಟಿನ ದಿನಗಳಲ್ಲಿ, ಮೈಮುರಿಯೆ ವ್ಯಾಯಾಮ ಮಾಡಿದ ಮರುದಿನ ಈ ಟೆಸ್ಟ್ ಬೇಡ. ಸುಳ್ಳೇ ಏರುತ್ತದೆ. ಒಂದು ಸಲ ಏರಿದ್ದರೆ ಸಾಲದು. ಇನ್ನೆರಡು ಸಲ ನೋಡಿ, ಮೂರರಲ್ಲಿ ಎರಡು ಏರಿದ್ದರೆ ಮಾತ್ರ ಸೋರಿಕೆ ಇದೆ ಎಂದು ಲೆಕ್ಕ.

ಹೆಜ್ಜೆ 3: ಮೂರು ತಿಂಗಳ ಗೆರೆ ದಾಟಿದೆಯಾ ನೋಡಿ

"ಕ್ರಾನಿಕ್ ಕಿಡ್ನಿ ಡಿಸೀಸ್", ಚಿಕ್ಕದಾಗಿ ಸಿಕೆಡಿ, ಎಂಬ ಹೆಸರು ಕೊಡಬೇಕಾದರೆ ತೊಂದರೆ ಕನಿಷ್ಠ 3 ತಿಂಗಳಿಂದ ಇರಬೇಕು. ಇ-ಜಿಎಫ್‌ಆರ್ 60ಕ್ಕಿಂತ ಕಡಿಮೆ ಇರಬಹುದು, ಅಥವಾ ಪ್ರೋಟೀನ್ ಸೋರಿಕೆ, ಮೂತ್ರದಲ್ಲಿ ರಕ್ತ, ಸ್ಕ್ಯಾನ್‌ನಲ್ಲಿ ಬದಲಾವಣೆಯಂಥ ಕಿಡ್ನಿ ಹಾನಿಯ ಗುರುತು ಇರಬಹುದು. ಎರಡರಲ್ಲಿ ಒಂದಿದ್ದರೂ ಸಾಕು, ಆದರೆ 3 ತಿಂಗಳು ಉಳಿದಿರಬೇಕು.

ಇನ್ನೊಂದು ಸ್ಥಿತಿ ಇದೆ. ಅದು ಎಕೆಐ, ಕಿಡ್ನಿಗೆ ದಿಢೀರ್ ಬೀಳುವ ಪೆಟ್ಟು. 48 ಗಂಟೆಯೊಳಗೆ ಕ್ರಿಯಾಟಿನಿನ್ 0.3 ಏರಿದರೂ, ವಾರದೊಳಗೆ ಒಂದೂವರೆ ಪಟ್ಟು ಆದರೂ ಎಕೆಐ ಎನ್ನುತ್ತಾರೆ. ವಾಂತಿಭೇದಿಯಾಗಿ ಮೈಯಲ್ಲಿ ನೀರು ಒಣಗುವುದು, ದೊಡ್ಡ ಸೋಂಕು, ನೋವಿನ ಮಾತ್ರೆ, ಕಲ್ಲು ಅಥವಾ ಪ್ರಾಸ್ಟೇಟ್‌ನಿಂದ ಮೂತ್ರದ ದಾರಿ ಕಟ್ಟಿಕೊಳ್ಳುವುದು ಇದಕ್ಕೆ ಸಾಮಾನ್ಯ ಕಾರಣಗಳು. ಸರಿಯಾದ ಸಮಯಕ್ಕೆ ಹಿಡಿದರೆ ಇದು ಎಷ್ಟೋ ಸಲ ವಾಪಸ್ ಸರಿಹೋಗುತ್ತದೆ. ಕೆಲವರಿಗೆ ಸ್ವಲ್ಪ ದಿನ ಡಯಾಲಿಸಿಸ್ ಮಾಡಿ ಆಮೇಲೆ ನಿಲ್ಲಿಸುತ್ತಾರೆ. "ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ" ಎಂಬ ಮಾತು ಇವರಿಗೆ ಹೊಂದುವುದಿಲ್ಲ. ಆ ಮಾತು ನಂಬಿ ಆಸ್ಪತ್ರೆಯಿಂದ ರೋಗಿಯನ್ನು ಮನೆಗೆ ಕರೆದೊಯ್ದರೆ ಜೀವಕ್ಕೇ ಕುತ್ತು.

ಹಳೆಯ ರಿಪೋರ್ಟ್ ಬೆಲೆ ಗೊತ್ತಾಗುವುದು ಇಲ್ಲೇ. ಈಗ 2.1 ಇದೆ ಎನ್ನಿ. ಎರಡು ವರ್ಷದ ಹಿಂದೆ 1.9 ಇದ್ದರೆ ಇದು ನಿಧಾನವಾಗಿ ನಡೆಯುತ್ತಿರುವ ಹಳೆಯ ಕಾಯಿಲೆ. ಹೋದ ತಿಂಗಳು 0.9 ಇದ್ದರೆ ತುರ್ತು, ಈ ವಾರ ಏನಾಯಿತು ಎಂದು ಹುಡುಕಬೇಕು. ಹಳೆಯದು ಯಾವುದೂ ಸಿಗದಿದ್ದರೆ ಡಾಕ್ಟರ್ ಹೇಳಿದ ದಿನಕ್ಕೆ ಮತ್ತೆ ಟೆಸ್ಟ್ ಮಾಡಿಸಲೇಬೇಕು. ಮೂರು ತಿಂಗಳು ಕಾಯುವುದು ಹೆಸರು ಕೊಡುವುದಕ್ಕೆ ಮಾತ್ರ, ಚಿಕಿತ್ಸೆಗೆ ಕಾಯಬೇಕೆಂದಲ್ಲ.

ಹೆಜ್ಜೆ 4: ಸ್ಟೇಜ್ ಅರ್ಥ ಮಾಡಿಕೊಳ್ಳಿ, ಆದರೆ ಅದೊಂದನ್ನೇ ಹಿಡಿದು ಕೂರಬೇಡಿ

ಇ-ಜಿಎಫ್‌ಆರ್ ನೋಡಿ ಸ್ಟೇಜ್ ಹೇಳುತ್ತಾರೆ:

- ಜಿ1: 90 ಅಥವಾ ಹೆಚ್ಚು
- ಜಿ2: 60ರಿಂದ 89
- ಜಿ3ಎ: 45ರಿಂದ 59
- ಜಿ3ಬಿ: 30ರಿಂದ 44
- ಜಿ4: 15ರಿಂದ 29
- ಜಿ5: 15ಕ್ಕಿಂತ ಕಡಿಮೆ

ಜಿ1, ಜಿ2 ಎಂದು ಕಂಡ ಮಾತ್ರಕ್ಕೆ ಕಾಯಿಲೆ ಇದೆ ಎಂದಲ್ಲ. ಹಾನಿಯ ಬೇರೆ ಗುರುತು ಇದ್ದರೆ ಮಾತ್ರ ಅದು ಸಿಕೆಡಿ. ಇ-ಜಿಎಫ್‌ಆರ್ 78 ಇದ್ದು, ಮೂತ್ರ ಮತ್ತು ಸ್ಕ್ಯಾನ್ ಸರಿಯಿದ್ದರೆ "ಸೆಕೆಂಡ್ ಸ್ಟೇಜ್ ಕಿಡ್ನಿ ಕಾಯಿಲೆ" ಎಂದು ಹೆದರಬೇಕಿಲ್ಲ. ವಯಸ್ಸಾದಂತೆ ಇ-ಜಿಎಫ್‌ಆರ್ ತಾನಾಗಿಯೇ ನಿಧಾನಕ್ಕೆ ಇಳಿಯುತ್ತದೆ.

ಈಗ ಜಿ ಜೊತೆಗೆ ಎ ಸೇರಿಸಿ ಓದಿ. 75 ವರ್ಷದ ಒಬ್ಬರಿಗೆ ಇ-ಜಿಎಫ್‌ಆರ್ 50, ಯುಎಸಿಆರ್ 10. 30 ವರ್ಷದ ಇನ್ನೊಬ್ಬರಿಗೆ ಇ-ಜಿಎಫ್‌ಆರ್ 70, ಯುಎಸಿಆರ್ 900. ಸ್ಟೇಜ್ ಮಾತ್ರ ನೋಡಿದರೆ ಮೊದಲನೆಯವರ ಸ್ಥಿತಿ ಕೆಟ್ಟದ್ದು ಅನ್ನಿಸುತ್ತದೆ, ಅಲ್ವಾ? ಕಿಡ್ನಿ ಡಾಕ್ಟರ್ ಮೊದಲು ಒಳಗೆ ಕರೆಯುವುದು ಎರಡನೆಯವರನ್ನು. ಅಷ್ಟು ಪ್ರೋಟೀನ್ ಸೋರುವ ಕಿಡ್ನಿ ಬೇಗ ಹಾಳಾಗುವ ಅಪಾಯ ಜಾಸ್ತಿ, ಮತ್ತು ಹಿಂದೆ ಬೇರೆಯೇ ಚಿಕಿತ್ಸೆ ಬೇಕಾದ ಕಾಯಿಲೆ ಇರಬಹುದು.

ಅಂತರರಾಷ್ಟ್ರೀಯ ಮಾರ್ಗಸೂಚಿ ಕೊಡುವ ಕೆಡಿಐಜಿಒ ಸಂಸ್ಥೆ 2012ರಿಂದಲೂ ಕಾರಣ, ಜಿ, ಎ ಮೂರನ್ನೂ ಸೇರಿಸಿಯೇ ಹೇಳಿ ಎನ್ನುತ್ತಿದೆ. 2024ರ ಪರಿಷ್ಕರಣೆಯಲ್ಲೂ ಇದೇ ಉಳಿದಿದೆ. ನಿಮ್ಮ ಚೀಟಿಯಲ್ಲಿ "ಸಿಕೆಡಿ ಸ್ಟೇಜ್ 3" ಎಂದಷ್ಟೇ ಇದ್ದರೆ ಅದು ಅಪೂರ್ಣ. "ಶುಗರ್‌ನಿಂದ ಬಂದ ಕಿಡ್ನಿ ಕಾಯಿಲೆ, ಜಿ3ಎ, ಎ2" ಎಂದಿದ್ದರೆ ಪೂರ್ತಿ.

ಜಿ5 ಎಂದ ಕೂಡಲೇ ಡಯಾಲಿಸಿಸ್ ಎಂದೂ ಅಲ್ಲ. ವಾಕರಿಕೆ, ಊಟ ಸೇರದಿರುವುದು, ಔಷಧಿಗೆ ಬಗ್ಗದ ಊತ, ಉಸಿರಾಟದ ತೊಂದರೆ, ಪೊಟ್ಯಾಸಿಯಂ ಹಿಡಿತಕ್ಕೆ ಸಿಗದಿರುವುದು ಇವನ್ನೆಲ್ಲ ನೋಡಿ ತೀರ್ಮಾನಿಸುತ್ತಾರೆ. ಆದರೆ ತಯಾರಿ ಜಿ4ರಲ್ಲೇ ಶುರುವಾಗಬೇಕು. ಡಯಾಲಿಸಿಸ್‌ಗೆಂದು ಕೈಯಲ್ಲಿ ಮಾಡುವ ಫಿಸ್ಟುಲಾ (ರಕ್ತನಾಳಗಳನ್ನು ಜೋಡಿಸುವ ಸಣ್ಣ ಆಪರೇಷನ್) ಬಳಕೆಗೆ ಬರಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಹಾಗಾಗಿ ಈ ಸ್ಟೇಜ್‌ನಲ್ಲಿರುವವರು ಕಡಿಮೆ ಬಳಸುವ ಕೈಗೆ, ಅಂದರೆ ಬಲಗೈ ಬಳಕೆಯವರಾದರೆ ಎಡಗೈಗೆ, ಸೂಜಿ ಚುಚ್ಚಿಸಿಕೊಳ್ಳಬೇಡಿ. ರಕ್ತ ತೆಗೆಯಲು ಬಂದವರಿಗೆ ಮೊದಲೇ ಹೇಳಿ. ಕಸಿ ಮಾಡಿಸುವ ಯೋಚನೆ ಇದ್ದರೆ ಅದರ ಮಾತೂ ಡಯಾಲಿಸಿಸ್ ಶುರುವಾಗುವ ಮುಂಚೆಯೇ ಆಗಲಿ.

ಹೆಜ್ಜೆ 5: "ಕಾರಣ ಏನು?" ಎಂದು ಬಾಯಿಬಿಟ್ಟು ಕೇಳಿ

ಶುಗರ್ ಮತ್ತು ಬಿಪಿ ದೊಡ್ಡ ಕಾರಣಗಳು, ನಿಜ. ಆದರೆ ಶುಗರ್ ಇದೆ ಎಂದ ಮಾತ್ರಕ್ಕೆ ಕಿಡ್ನಿ ತೊಂದರೆ ಅದರಿಂದಲೇ ಬಂದಿದೆ ಎಂದು ಹೇಳಲಾಗದು. ಶುಗರ್ ಬಂದು ಸ್ವಲ್ಪವೇ ಸಮಯ ಆಗಿದ್ದು ಪ್ರೋಟೀನ್ ಒಮ್ಮೆಲೇ ಏರಿದ್ದರೆ, ಕಣ್ಣಿನ ರೆಟಿನಾದಲ್ಲಿ ಶುಗರ್‌ನ ಹಾನಿ ಕಾಣದಿದ್ದರೆ, ಮೂತ್ರದಲ್ಲಿ ರಕ್ತ ಇದ್ದರೆ ಬೇರೆ ಕಾರಣ ಹುಡುಕುತ್ತಾರೆ. ಬಿಪಿಯದ್ದು ಇನ್ನೂ ಗೊಂದಲ. ಅದು ಕಿಡ್ನಿಯನ್ನು ಹಾಳುಮಾಡುತ್ತದೆ, ಹಾಳಾದ ಕಿಡ್ನಿ ಬಿಪಿ ಏರಿಸುತ್ತದೆ. ಯಾವುದು ಮೊದಲು ಬಂತೆಂದು ಹೇಳುವುದು ಎಷ್ಟೋ ಸಲ ಡಾಕ್ಟರಿಗೂ ಕಷ್ಟ.

ಸ್ಕ್ಯಾನ್ ರಿಪೋರ್ಟ್‌ನಲ್ಲಿ ಸಾಮಾನ್ಯವಾಗಿ ಸಿಗುವ ಮಾತುಗಳಿವು. ದೊಡ್ಡವರ ಕಿಡ್ನಿ ಸುಮಾರು 9ರಿಂದ 12 ಸೆಂಟಿಮೀಟರ್ ಉದ್ದ. ಎರಡೂ ಕುಗ್ಗಿದ್ದರೆ ಕಾಯಿಲೆ ಹಳೆಯದು. ಶುಗರ್ ಕಾಯಿಲೆಯಲ್ಲಿ ಮಾತ್ರ ಕಿಡ್ನಿ ಕುಗ್ಗದೆಯೂ ಹಾಳಾಗಿರಬಹುದು. "ಎಕೋಜೆನಿಸಿಟಿ ಹೆಚ್ಚಿದೆ" ಎಂದರೆ ಸ್ಕ್ಯಾನ್‌ನಲ್ಲಿ ಕಿಡ್ನಿ ಇರಬೇಕಾದ್ದಕ್ಕಿಂತ ಬೆಳ್ಳಗೆ ಕಾಣುತ್ತಿದೆ ಎಂದಷ್ಟೇ. ಹಾನಿಯ ಸುಳಿವು ಹೌದು, ಕಾರಣ ಹೇಳುವುದಿಲ್ಲ. "ಹೈಡ್ರೋನೆಫ್ರೋಸಿಸ್" ಎಂದರೆ ಮೂತ್ರ ಕೆಳಗಿಳಿಯದೆ ಕಿಡ್ನಿ ಊದಿಕೊಂಡಿದೆ, ಇದನ್ನು ತಳ್ಳಿಹಾಕಬೇಡಿ. "ಸಿಂಪಲ್ ಸಿಸ್ಟ್" (ನೀರು ತುಂಬಿದ ಸಣ್ಣ ಚೀಲ) ಒಂದೆರಡಿದ್ದರೆ ಹೆಚ್ಚಾಗಿ ಏನೂ ಅಲ್ಲ. ಎರಡೂ ಕಿಡ್ನಿ ದೊಡ್ಡದಾಗಿ ತುಂಬಾ ಸಿಸ್ಟ್ ಇದ್ದರೆ ಅದು ವಂಶದಲ್ಲಿ ಬರುವ ಪಾಲಿಸಿಸ್ಟಿಕ್ ಕಾಯಿಲೆ ಇರಬಹುದು. ಆಗ ಅಪ್ಪ, ಅಮ್ಮ, ಒಡಹುಟ್ಟಿದವರ ಆರೋಗ್ಯದ ವಿಷಯವೂ ಡಾಕ್ಟರಿಗೆ ಗೊತ್ತಾಗಬೇಕು.

ಕೆಲವರಿಗೆ ಬಯಾಪ್ಸಿ ಬೇಕೆನ್ನುತ್ತಾರೆ. ಬಯಾಪ್ಸಿ ಎಂದರೆ ಕ್ಯಾನ್ಸರ್ ಎಂದು ಹೆದರುವವರೇ ಜಾಸ್ತಿ. ಇಲ್ಲಿ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಬೆನ್ನಿನ ಕಡೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸ್ಕ್ಯಾನ್ ನೋಡುತ್ತಾ, ಸೂಜಿಯಿಂದ ದಾರದೆಳೆಯಷ್ಟು ಕಿಡ್ನಿ ತೆಗೆಯುತ್ತಾರೆ. ಆಮೇಲೆ ಕೆಲವು ಗಂಟೆ ಅಲುಗದೆ ಮಲಗಿರಬೇಕು. ಮುಖ್ಯ ಅಪಾಯ ರಕ್ತಸ್ರಾವ. ಆಸ್ಪಿರಿನ್ ಅಥವಾ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಐಜಿಎ ನೆಫ್ರೋಪತಿ, ಮೆಂಬ್ರೇನಸ್, ಎಫ್‌ಎಸ್‌ಜಿಎಸ್, ಲೂಪಸ್ ನೆಫ್ರೈಟಿಸ್‌ನಂಥ ಹೆಸರುಗಳು ಹೀಗೆ ತೆಗೆದ ತುಣುಕನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕೊಟ್ಟವು. ಇವುಗಳ ಚಿಕಿತ್ಸೆ ಒಂದರಂತೆ ಇನ್ನೊಂದಿಲ್ಲ, ಹಾಗಾಗಿ ಹೆಸರು ಖಚಿತವಾಗುವುದು ಮುಖ್ಯ.

"ನೆಫ್ರೋಟಿಕ್ ಸಿಂಡ್ರೋಮ್" ಎಂದು ಬರೆದಿದ್ದರೆ ಅದು ಲಕ್ಷಣಗಳ ಗುಂಪು. ದಿನಕ್ಕೆ 3.5 ಗ್ರಾಂಗಿಂತ ಹೆಚ್ಚು ಪ್ರೋಟೀನ್ ಸೋರಿಕೆ, ರಕ್ತದಲ್ಲಿ ಅಲ್ಬುಮಿನ್ ಕಡಿಮೆ, ಮೈ ಊತ. ಹಿಂದಿನ ಕಾರಣ ಇನ್ನೂ ಹುಡುಕಬೇಕಿದೆ ಎಂದೇ ತಿಳಿಯಿರಿ.

ಹೆಜ್ಜೆ 6: ಉಳಿದ ಸಾಲುಗಳನ್ನೂ ಒಮ್ಮೆ ಕಣ್ಣಾಡಿಸಿ

ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಕಿಡ್ನಿಯೇ ಕಾರಣ ಇರಬಹುದು, ರಕ್ತ ಹುಟ್ಟಿಸುವ ಎರಿಥ್ರೋಪೊಯೆಟಿನ್ ಎಂಬ ಹಾರ್ಮೋನ್ ಬರುವುದು ಹೆಚ್ಚಾಗಿ ಕಿಡ್ನಿಯಿಂದ. ಬೈಕಾರ್ಬೊನೇಟ್ ಇಳಿದರೆ ಮೈಯಲ್ಲಿ ಆಮ್ಲ ಏರಿದೆ. ಫಾಸ್ಫರಸ್, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನ್) ಮೂಳೆಯ ಲೆಕ್ಕ. ಪೊಟ್ಯಾಸಿಯಂ ಸಾಮಾನ್ಯವಾಗಿ 3.5ರಿಂದ 5ರ ಆಸುಪಾಸು ಇರಬೇಕು. ರಕ್ತ ತೆಗೆಯುವಾಗ ಕಣಗಳು ಒಡೆದರೆ ("ಹೀಮೊಲೈಸ್ಡ್" ಎಂದು ಕೆಳಗೆ ಸಣ್ಣದಾಗಿ ಬರೆದಿರುತ್ತಾರೆ) ಪೊಟ್ಯಾಸಿಯಂ ಸುಳ್ಳೇ ಏರಿ ಕಾಣುತ್ತದೆ. ಹಾಗೆಂದು ನೀವೇ ಸುಳ್ಳೆಂದು ತೀರ್ಮಾನಿಸಬೇಡಿ, ಅವತ್ತೇ ಮತ್ತೆ ಮಾಡಿಸಿ.

ಹೆಜ್ಜೆ 7: ಮಾತ್ರೆಗಳ ಪಟ್ಟಿ ಡಾಕ್ಟರ ಮುಂದಿಡಿ

ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಸಿಕೆಡಿ ಇರುವವರು ಡಾಕ್ಟರನ್ನು ಕೇಳದೆ ಇವನ್ನು ಮುಟ್ಟಬಾರದು. "ಗಿಡಮೂಲಿಕೆ, ಏನೂ ಆಗಲ್ಲ" ಎಂಬ ಮಾತೂ ನಂಬಬೇಡಿ. ಅರಿಸ್ಟೊಲೋಕಿಕ್ ಆಮ್ಲ ಇರುವ ಗಿಡಗಳು ಕಿಡ್ನಿ ಹಾಳುಮಾಡುತ್ತವೆ ಎಂಬುದು ಸಾಬೀತಾದ ವಿಷಯ. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಇ-ಜಿಎಫ್‌ಆರ್ 30ಕ್ಕಿಂತ ಇಳಿದವರಿಗೆ ಆಗುವುದಿಲ್ಲ. ಡೈ ಹಾಕಿ ಸ್ಕ್ಯಾನ್ ಮಾಡುವ ಮುಂಚೆ ನಿಮ್ಮ ಇ-ಜಿಎಫ್‌ಆರ್ ಎಷ್ಟೆಂದು ಅಲ್ಲಿಯವರಿಗೆ ತಿಳಿಸಿ.

ಇದರ ಉಲ್ಟಾ ತಪ್ಪೂ ನಡೆಯುತ್ತದೆ. ರಾಮಿಪ್ರಿಲ್, ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ಗುಂಪಿನ ಬಿಪಿ ಮಾತ್ರೆ, ಶುಗರ್‌ಗೂ ಕಿಡ್ನಿಗೂ ಕೊಡುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ಶುರು ಮಾಡಿದಾಗ ಕ್ರಿಯಾಟಿನಿನ್ ಸ್ವಲ್ಪ ಏರಬಹುದು. ಕಿಡ್ನಿಯೊಳಗಿನ ಒತ್ತಡ ಇಳಿಯುವುದರಿಂದ ಹೀಗಾಗುತ್ತದೆ. ಮೊದಲ ಗುಂಪಿನಲ್ಲಿ 30 ಪರ್ಸೆಂಟ್‌ವರೆಗಿನ ಏರಿಕೆಯನ್ನು ಡಾಕ್ಟರು ಸಾಮಾನ್ಯವಾಗಿ ಒಪ್ಪುತ್ತಾರೆ. "ಮಾತ್ರೆಯಿಂದ ಕಿಡ್ನಿ ಹಾಳಾಯಿತು" ಎಂದು ನೀವೇ ನಿಲ್ಲಿಸಿದರೆ ಕಿಡ್ನಿಯನ್ನು ಕಾಯುತ್ತಿದ್ದ ಔಷಧಿಯೇ ಹೋದಂತೆ. ಆದರೆ ವಾಂತಿಭೇದಿ ಜೋರಾಗಿದ್ದ ದಿನ ಇದೇ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಅಂಥ ದಿನ ಏನು ಮಾಡಲಿ ಎಂದು ಈಗಲೇ ಕೇಳಿಟ್ಟುಕೊಳ್ಳಿ.

ಲೀಟರ್‌ಗಟ್ಟಲೆ ನೀರು ಕುಡಿದರೆ ಕಿಡ್ನಿ ತೊಳೆದುಹೋಗುತ್ತದೆ ಎಂಬುದೂ ತಪ್ಪು. ಕಲ್ಲು ಇರುವವರಿಗೆ ನೀರು ಜಾಸ್ತಿ ಬೇಕು. ಊತ ಇರುವವರಿಗೆ, ಮೂತ್ರ ಕಡಿಮೆಯಾದವರಿಗೆ ಅದೇ ನೀರು ಶ್ವಾಸಕೋಶಕ್ಕೆ ತುಂಬಬಹುದು. ನಿಮಗೆ ಎಷ್ಟು ಎಂದು ಕೇಳಿ.

ಹೆಜ್ಜೆ 8: ಒಂದು ಪುಟದ ಲೆಕ್ಕ ಇಡಿ

ತಾರೀಖು, ಕ್ರಿಯಾಟಿನಿನ್, ಇ-ಜಿಎಫ್‌ಆರ್, ಯುಎಸಿಆರ್, ಪೊಟ್ಯಾಸಿಯಂ, ಹಿಮೋಗ್ಲೋಬಿನ್, ಬಿಪಿ. ಕೊನೆಯಲ್ಲಿ "ಆಗ ಏನಾಗಿತ್ತು" ಎಂಬ ಅಂಕಣ. ಈ ಕೊನೆಯದನ್ನು ಯಾರೂ ಬರೆಯುವುದಿಲ್ಲ, ಹೆಚ್ಚು ಉಪಯೋಗಕ್ಕೆ ಬರುವುದು ಅದೇ. 1.4, 1.5, 1.4, ಆಮೇಲೆ ಒಮ್ಮೆ 2.1 ಎಂದಿದ್ದು, ಪಕ್ಕದಲ್ಲಿ "ಮೂರು ದಿನ ಭೇದಿ, ಜೊತೆಗೆ ನೋವಿನ ಮಾತ್ರೆ" ಎಂದಿದ್ದರೆ ಡಾಕ್ಟರಿಗೆ ಅರ್ಧ ಉತ್ತರ ಅಲ್ಲೇ ಸಿಕ್ಕಂತೆ. ಸಾಧ್ಯವಾದರೆ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. 1.4 ಇದ್ದದ್ದು 1.5 ಆದರೆ ಅದು ಟೆಸ್ಟ್‌ನ ಸಹಜ ಏರಿಳಿತವೂ ಇರಬಹುದು. ಹಲವು ತಿಂಗಳ ಓಟ ಯಾವ ಕಡೆ ಎಂಬುದನ್ನೇ ನೋಡಿ.

ಮುಂದೆ ಹೇಗೆ ಎಂಬ ಚಿಂತೆ ಇದ್ದರೆ "ನನಗೆ ಕಿಡ್ನಿ ಫೇಲ್ಯೂರ್ ಆಗುವ ಅಪಾಯ 5 ವರ್ಷದಲ್ಲಿ ಎಷ್ಟು?" ಎಂದು ನೇರವಾಗಿ ಕೇಳಿ. ವಯಸ್ಸು, ಲಿಂಗ, ಇ-ಜಿಎಫ್‌ಆರ್, ಯುಎಸಿಆರ್ ಹಾಕಿ ಇದನ್ನು ಲೆಕ್ಕ ಹಾಕುವ ಕೆಎಫ್‌ಆರ್‌ಇ ಎಂಬ ಸೂತ್ರ ಇದೆ, ಜಿ3ರಿಂದ ಮುಂದಿನವರಿಗೆ ಅದು ಅನ್ವಯ. ಯುಎಸಿಆರ್ ಇಲ್ಲದಿದ್ದರೆ ಈ ಲೆಕ್ಕವೂ ಆಗುವುದಿಲ್ಲ.

ಯಾವಾಗ ಕಾಯಬಾರದು

ಕಿಡ್ನಿ ಕಾಯಿಲೆ ಹೆಚ್ಚಾಗಿ ನೋವು ಕೊಡುವುದಿಲ್ಲ, ಆರಂಭದಲ್ಲಿ ಯಾವ ಲಕ್ಷಣವೂ ಇರದು. ಮೂತ್ರದಲ್ಲಿ ಬಹಳ ಹೊತ್ತು ನೊರೆ ನಿಲ್ಲುವುದು, ಬೆಳಿಗ್ಗೆ ಕಣ್ಣಿನ ಸುತ್ತ ಊತ, ಸಂಜೆ ಕಾಲಿನ ಊತ ಕಂಡರೆ ಕೆಲವೇ ದಿನದಲ್ಲಿ ತೋರಿಸಿಕೊಳ್ಳಿ. ಮೂತ್ರ ಕೆಂಪಗೆ ಅಥವಾ ಕಂದು ಬಣ್ಣಕ್ಕೆ ತಿರುಗಿದರೆ ಇನ್ನೂ ಬೇಗ. ಮೂತ್ರ ನಿಂತೇಹೋದರೆ, ಮಲಗಿದರೆ ಉಸಿರು ಕಟ್ಟಿದರೆ, ಮಂಪರು ಅಥವಾ ಗೊಂದಲದ ಮಾತು ಶುರುವಾದರೆ, ರಿಪೋರ್ಟ್‌ನಲ್ಲಿ ಪೊಟ್ಯಾಸಿಯಂ 6 ದಾಟಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಎಮರ್ಜೆನ್ಸಿಗೆ ಹೋಗಿ. ಪೊಟ್ಯಾಸಿಯಂ ಅಷ್ಟು ಏರಿದಾಗ ಹೃದಯದ ಬಡಿತ ಕೆಡಬಹುದು. ಮೈಗೆ ಮೊದಲೇ ಏನಾದರೂ ಗೊತ್ತಾಗಬೇಕೆಂದೇನಿಲ್ಲ.